ಮೈಲುತುತ್ತದ ವಾದ: ಅಡಿಕೆ ಬೆಳೆಗಾರರ ವಾಟ್ಸಾಪ್ ಬಳಗವೊಂದರ ಪ್ರಕರಣ ಅಧ್ಯಯನ

ಈ ಬರಹದಲ್ಲಿ ಬರುವ ಬಳಗದ ಮೂವರು ನಿರ್ವಾಹಕರಲ್ಲಿ ನಾನೂ ಒಬ್ಬ. ಆದ್ದರಿಂದ ಇಲ್ಲಿ ದಾಖಲಾಗಿರುವ ತಪ್ಪು ನಿರ್ಧಾರಗಳಲ್ಲಿ ನನ್ನ ಪಾಲೂ ಇದೆ, ಕೆಲವಂತೂ ಪೂರ್ತಿ ನನ್ನವೇ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಊರು ತಾಲ್ಲೂಕುಗಳ ಹೆಸರು ಬಿಟ್ಟು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆದಿದ್ದೇನೆ. ಮುಖ್ಯವಾದ ಮೂವರನ್ನು ಅವರವರ ತೋಟ ಇರುವ ಜಾಗದಿಂದ ಕರೆಯುತ್ತೇನೆ: ಹೊಳೆಬದಿಯವರು, ಮೇಲಿನ ತೋಟದವರು ಮತ್ತು ಗದ್ದೆಮನೆಯ ಅಕ್ಕ. ಈ ಹೆಸರುಗಳನ್ನು ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ಮದ್ದು ಹೊಡೆಯಬೇಕೇ ಬೇಡವೇ ಎಂದು, ಯಾರ ತೋಟ ಎಲ್ಲಿದೆ ಎಂಬ ಸಣ್ಣ ಪ್ರಶ್ನೆಯನ್ನು ಕೇಳದೆಯೇ ನಾವು ಒಂದು ತಿಂಗಳು ಜಗಳವಾಡಿದ್ದೆವು.

ಹಿನ್ನೆಲೆ

2020ರ ಲಾಕ್‌ಡೌನಿನಲ್ಲಿ ಅಡಿಕೆ ಮಾರುಕಟ್ಟೆ ಮುಚ್ಚಿದ್ದಾಗ, ಯಾವ ಊರಿನಲ್ಲಿ ಖರೀದಿ ಶುರುವಾಯಿತು, ಗೊಬ್ಬರ ಎಲ್ಲಿ ಸಿಗುತ್ತದೆ ಎಂದು ತಿಳಿದುಕೊಳ್ಳುವ ಅಗತ್ಯದಿಂದ ಈ ಬಳಗ ಹುಟ್ಟಿತು. ಘಟ್ಟದ ಮೇಲಿನವರೂ ಕೆಳಗಿನವರೂ ಇದರಲ್ಲಿದ್ದರು; ಊರಿನಲ್ಲಿ ಅಪ್ಪ ಅಮ್ಮ ನೋಡಿಕೊಳ್ಳುವ ತೋಟದ ಬಗ್ಗೆ ಬೆಂಗಳೂರಿನಲ್ಲಿ ಕುಳಿತು ಚಿಂತಿಸುವ ಮಕ್ಕಳೂ ಸೇರಿಕೊಂಡರು. ಮಾರುಕಟ್ಟೆ ತೆರೆದ ಮೇಲೂ ಬಳಗ ಉಳಿಯಿತು, ಏಕೆಂದರೆ ಅಷ್ಟು ಹೊತ್ತಿಗೆ ಅದು ಬೇರೆಯದೇ ಕೆಲಸಕ್ಕೆ ಬಳಕೆಯಾಗುತ್ತಿತ್ತು. ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗುತ್ತಿದೆ, ಇದಕ್ಕೆ ಏನು ಮಾಡಬೇಕು ಎಂದು ಒಬ್ಬರು ಚಿತ್ರ ಹಾಕಿದರೆ ಸಂಜೆಯೊಳಗೆ ನಾಲ್ಕು ಕಡೆಯಿಂದ ಅನುಭವದ ಉತ್ತರ ಬರುತ್ತಿತ್ತು. ಕೃಷಿ ವಿಜ್ಞಾನದ ಪದವಿ ಇದ್ದವರು ನಮ್ಮಲ್ಲಿ ಇಬ್ಬರೋ ಮೂವರೋ ಇದ್ದರು. ಉಳಿದವರ ಬಳಿ ಇದ್ದದ್ದು ತಾವು ಕಣ್ಣಾರೆ ಕಂಡದ್ದು ಮಾತ್ರ. ಬಳಗದ ನಿಜವಾದ ಬಂಡವಾಳ ಅದೇ ಆಗಿತ್ತು ಎಂಬುದು ನಮಗೆ ಆಗ ಗೊತ್ತಿರಲಿಲ್ಲ.

ಅಡಿಕೆ ಬೆಳೆಯದವರಿಗಾಗಿ ಕೊಳೆರೋಗದ ಬಗ್ಗೆ ಎರಡು ಮಾತು ಹೇಳಬೇಕು. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ರೋಗ ಎಡೆಬಿಡದ ಮಳೆ, ನಡುನಡುವೆ ಇಣುಕುವ ಬಿಸಿಲು, ಗಾಳಿಯಾಡದ ತೇವ ಇವು ಕೂಡಿದಲ್ಲಿ ಬಲು ಬೇಗ ಹಬ್ಬುತ್ತದೆ. ಎಳೆಯ ಕಾಯಿಯ ತೊಟ್ಟಿನ ಬಳಿ ನೀರು ತುಂಬಿದಂಥ ಕಲೆ ಕಾಣಿಸಿಕೊಂಡು, ಕಾಯಿ ಉದುರಿ, ಬಿದ್ದ ಕಾಯಿಯ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ. ಹಿಂದಿನವರು ಮಳೆನೀರು ತಾಗದಂತೆ ಕೊನೆಗಳಿಗೆ, ಅಂದರೆ ಅಡಿಕೆ ಗೊಂಚಲುಗಳಿಗೆ, ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ದ್ರಾಕ್ಷಿ ತೋಟಗಳ ರೋಗಕ್ಕೆಂದು ಫ್ರಾನ್ಸಿನಲ್ಲಿ 1885ರ ಸುಮಾರಿಗೆ ರೂಢಿಗೆ ಬಂದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಒಗ್ಗಿಸಿದವರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಮುಖ್ಯರು. 1910ರ ಹೊತ್ತಿಗೆ ಅವರು ಕೊಳೆರೋಗದ ಬಗ್ಗೆ ವಿವರವಾಗಿ ಬರೆದಿದ್ದರು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮುನ್ನ ಒಂದು ಸಲ, 40-45 ದಿನದ ಮೇಲೆ ಇನ್ನೊಂದು ಸಲ, ಮಳೆ ಬಿಡದಿದ್ದರೆ ಮೂರನೆಯ ಸಲವೂ. ನೂರು ವರ್ಷಕ್ಕೂ ಮಿಕ್ಕಿ ನಡೆದು ಬಂದ ಈ ಪದ್ಧತಿಯ ಮೇಲೆ ಪ್ರಶ್ನೆ ಎತ್ತಿದರೆ ಹಿರಿಯರಿಗೆ ಅದು ಬರಿಯ ತಾಂತ್ರಿಕ ಪ್ರಶ್ನೆಯಾಗಿ ಕೇಳಿಸುವುದಿಲ್ಲ. ಫಸಲು ಪೂರ್ತಿ ಉದುರಿ ಸಾಲಕ್ಕೆ ಬಿದ್ದ ಮನೆಗಳ ಕತೆಯನ್ನು ಕೇಳಿ ಬೆಳೆದವರು ಅವರು.

ಜಗಳ ಹುಟ್ಟಿದ ಬಗೆ

ಒಂದು ವರ್ಷದ ಮೇ ತಿಂಗಳಲ್ಲಿ, ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರರ ಫೋನ್ ನಂಬರುಗಳು ಬಳಗದಲ್ಲಿ ಓಡಾಡುತ್ತಿದ್ದ ಸಮಯದಲ್ಲಿ, ಮೇಲಿನ ತೋಟದವರು ಒಂದು ಸಂದೇಶ ಹಾಕಿದರು. ನಲವತ್ತರ ಆಸುಪಾಸಿನ ಅವರು ಪೇಟೆಯ ಕೆಲಸ ಬಿಟ್ಟು ಬಂದು ತೋಟ ಮಾಡುತ್ತಿದ್ದರು. ಮೂರು ವರ್ಷದಿಂದ ತಾನು ಬೋರ್ಡೋ ಹೊಡೆದಿಲ್ಲ, ಫಸಲಿಗೆ ಏನೂ ಆಗಿಲ್ಲ, ಮೈಲುತುತ್ತದ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷ ವರ್ಷವೂ ಸೇರುತ್ತಲೇ ಹೋಗುತ್ತದೆ ಎಂದು ಅವರು ಬರೆದಿದ್ದರು. ಇಷ್ಟಕ್ಕೇ ನಿಂತಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತಿತ್ತೇನೋ. ಕೊನೆಯ ಸಾಲಿನಲ್ಲಿ "ಗೊತ್ತಿದ್ದೂ ಮಣ್ಣಿಗೆ ವಿಷ ಹಾಕುವವರು ರೈತರಲ್ಲ" ಎಂಬ ಮಾತಿತ್ತು.

ಹೊಳೆಬದಿಯವರು ಎಪ್ಪತ್ತು ದಾಟಿದ ಹಿರಿಯರು, ಬಳಗದಲ್ಲಿ ಎಲ್ಲರೂ ಗೌರವಿಸುವವರು. ಅವರು ಅರ್ಧ ಗಂಟೆಯಲ್ಲಿ ಉತ್ತರಿಸಿದರು: ಬ್ಯಾಂಕಿನಲ್ಲಿ ದುಡ್ಡಿಟ್ಟು ಬಂದವರಿಗೆ ಒಂದು ವರ್ಷದ ಫಸಲು ಹೋದರೂ ಒಲೆ ಉರಿಯುತ್ತದೆ, ನಮಗೆ ಹಾಗಲ್ಲ. ಇಲ್ಲಿಂದ ಮುಂದೆ ತಾಮ್ರದ ವಿಷಯ ಹಿಂದೆ ಸರಿದು, ಯಾರು ನಿಜವಾದ ರೈತ ಎಂಬುದೇ ವಾದವಾಯಿತು. ಮೂರು ದಿನದಲ್ಲಿ ಎರಡು ಪಂಗಡಗಳಾದವು. ಪರವಿಚಾರವನ್ನು ಸೈರಿಸಬಲ್ಲುದೇ ನಿಜವಾದ ಹೊನ್ನು ಎಂಬ ಅರ್ಥದ ಕವಿರಾಜಮಾರ್ಗದ ಮಾತನ್ನು ಎರಡೂ ಕಡೆಯ ಒಬ್ಬೊಬ್ಬರು ಒಂದೇ ದಿನ ಹಂಚಿಕೊಂಡರು. ಇಬ್ಬರೂ ಅದನ್ನು ಎದುರಿನವರಿಗೆ ಹೇಳಿದರು, ತಮಗೆ ಹೇಳಿಕೊಳ್ಳಲಿಲ್ಲ.

ಆ ದಿನಗಳ ಸಂದೇಶಗಳನ್ನು ಈಗ ಮತ್ತೆ ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಇನ್ನೂರಕ್ಕೂ ಹೆಚ್ಚು ಸಂದೇಶಗಳಲ್ಲಿ ಪ್ರಶ್ನೆಗಳೆಂದರೆ ಏಳೆಂಟು ಮಾತ್ರ, ಅವೂ ಉತ್ತರ ಬೇಡದ ಚುಚ್ಚುಪ್ರಶ್ನೆಗಳು. ನಿಮ್ಮ ತೋಟ ಇಳಿಜಾರಿನಲ್ಲಿದೆಯೇ, ಕಣಿವೆಯಲ್ಲಿದೆಯೇ ಎಂದು ಒಬ್ಬರೂ ಕೇಳಿರಲಿಲ್ಲ.

ನಿರ್ವಾಹಕರಾಗಿ ನಾವು ಮಾಡಿದ್ದು

ಮೊದಲ ವಾರ ಏನೂ ಮಾಡಲಿಲ್ಲ. ಮಳೆ ಬಂದರೆ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ, ಜಗಳ ತಾನಾಗಿ ತಣ್ಣಗಾಗುತ್ತದೆ ಎಂದುಕೊಂಡೆವು. ಅದು ಆಗದಿದ್ದಾಗ ನಾಲ್ಕು ದಿನ ನಿರ್ವಾಹಕರು ಮಾತ್ರ ಸಂದೇಶ ಹಾಕುವಂತೆ ಬಳಗಕ್ಕೆ ಬೀಗ ಹಾಕಿದೆವು. ಬೀಗ ತೆಗೆದ ದಿನ ಜಗಳ ಮೊದಲಿಗಿಂತ ಜೋರಾಗಿತ್ತು, ಏಕೆಂದರೆ ಆ ನಾಲ್ಕು ದಿನ ಎರಡೂ ಕಡೆಯವರು ಖಾಸಗಿಯಾಗಿ ಮಾತಾಡಿಕೊಂಡು ತಯಾರಾಗಿದ್ದರು.

ಮೂರನೆಯ ಹೆಜ್ಜೆ ನನ್ನದು. ವಾಟ್ಸಾಪಿನಲ್ಲಿ ಪೋಲ್ ಹಾಕುವ ಸೌಲಭ್ಯವಿದೆಯಲ್ಲ, ಎಲ್ಲರ ಅಭಿಪ್ರಾಯವೂ ಗೊತ್ತಾಗಲಿ ಎಂದು "ಬೋರ್ಡೋ ದ್ರಾವಣ ತೋಟಕ್ಕೆ ಹಾನಿಕರವೇ?" ಎಂದು ಕೇಳಿದೆ. ಇದು ಪ್ರಜಾಸತ್ತೆಯ ಕ್ರಮವೆಂದೇ ನಾನು ನಂಬಿದ್ದೆ. ಬಹುಪಾಲು ಮತ ಇಲ್ಲ ಎಂಬುದಕ್ಕೆ ಬಿತ್ತು. ಮಣ್ಣಿನಲ್ಲಿ ತಾಮ್ರ ಉಳಿಯುತ್ತದೆಯೇ ಇಲ್ಲವೇ ಎಂಬುದು ಮತದಿಂದ ತೀರ್ಮಾನವಾಗುವ ಸಂಗತಿಯಲ್ಲ. ಅದು ಉಳಿದೇ ಉಳಿಯುತ್ತದೆ, ಎಷ್ಟು ಉಳಿದರೆ ಎಷ್ಟು ತೊಂದರೆ ಎಂಬುದು ಪ್ರಶ್ನೆ. ಅದಕ್ಕಿಂತ ಕೆಟ್ಟದ್ದೆಂದರೆ, ಪೋಲಿನಲ್ಲಿ ಯಾರು ಯಾವುದಕ್ಕೆ ಮತ ಹಾಕಿದರೆಂಬುದು ಎಲ್ಲರಿಗೂ ಕಾಣುತ್ತಿತ್ತು. ಹೌದು ಎಂದವರ ಹೆಸರುಗಳು ಒಂದು ಪಟ್ಟಿಯಾಗಿಬಿಟ್ಟವು. ಅಲ್ಪಸಂಖ್ಯೆಯಲ್ಲಿದ್ದ ಅಭಿಪ್ರಾಯವನ್ನು ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡು ಅದನ್ನು ಎಣಿಸಿ ಪಕ್ಕಕ್ಕಿಟ್ಟಿದ್ದೆ.

ಆ ರಾತ್ರಿ ಹನ್ನೊಂದರ ಮೇಲೆ ಮೇಲಿನ ತೋಟದವರು ದೀರ್ಘವಾದ ಸಂದೇಶ ಹಾಕಿದರು. ಮೊದಲ ಎರಡು ಸಾಲುಗಳಲ್ಲಿ ಹೊಳೆಬದಿಯವರ ವಯಸ್ಸನ್ನು ಹಿಡಿದು ಆಡಿದ ಮಾತಿತ್ತು. ನಾನು ಅಷ್ಟನ್ನು ಓದಿ ಸಂದೇಶವನ್ನು ಅಳಿಸಿ, ಅವರನ್ನು ಬಳಗದಿಂದ ತೆಗೆದೆ. ಇನ್ನಿಬ್ಬರು ನಿರ್ವಾಹಕರಿಗೆ ಬೆಳಿಗ್ಗೆ ತಿಳಿಸಿದೆ. ಇಬ್ಬರೂ ಸರಿ ಎಂದರು. ಮಧ್ಯಾಹ್ನದೊಳಗೆ ಹದಿನಾಲ್ಕು ಜನ ತಾವಾಗಿ ಹೊರಟುಹೋದರು. ಬಳಗದಲ್ಲಿ ಶಾಂತಿ ನೆಲೆಸಿತು. ಕೆಲವರು ನನಗೆ ಧನ್ಯವಾದವನ್ನೂ ಹೇಳಿದರು.

ಮೌನದ ಬೆಲೆ

ಜುಲೈ ಮೂರನೆಯ ವಾರ ಗದ್ದೆಮನೆಯ ಅಕ್ಕ ನನಗೆ ಖಾಸಗಿಯಾಗಿ ಬರೆದರು. ಗಂಡ ತೀರಿಕೊಂಡ ಮೇಲೆ ಒಂದೂಕಾಲು ಎಕರೆ ತೋಟವನ್ನು ಒಬ್ಬರೇ ನೋಡಿಕೊಳ್ಳುವವರು ಅವರು. ಜೂನ್ ಮೊದಲ ವಾರವೇ ಮದ್ದು ಹೊಡೆಸಿದ್ದರು, ಆದರೂ ಕಾಯಿ ಉದುರುತ್ತಿತ್ತು. ಉದುರಲು ಶುರುವಾಗಿ ಹದಿನೈದು ದಿನ ಕಳೆದಿತ್ತು. ಇಷ್ಟು ದಿನ ಬಳಗದಲ್ಲಿ ಏಕೆ ಕೇಳಲಿಲ್ಲ ಎಂದು ನಾನು ಫೋನ್ ಮಾಡಿ ಕೇಳಿದೆ. ಅವರ ಉತ್ತರವನ್ನು ಇದ್ದ ಹಾಗೆಯೇ ಬರೆಯುತ್ತೇನೆ: "ಬೋರ್ಡೋ ಹೊಡೆದರೂ ಕೊಳೆ ಬಂತು ಅಂತ ಹಾಕಿದ್ದರೆ ನಾನೂ ಆ ಕಡೆಯವಳು ಅಂತ ಆಗ್ತಿತ್ತಲ್ಲ ಅಣ್ಣಾ. ನನಗೆ ಯಾವ ಕಡೆಯೂ ಬೇಡ, ಅಡಿಕೆ ಉಳಿದರೆ ಸಾಕು."

ಈ ಪ್ರಕರಣದ ತಿರುವು ಇರುವುದು ಇಲ್ಲಿ. ನಾವು ಒಬ್ಬರ ಒರಟುತನವನ್ನು ಹೊರಗೆ ಹಾಕಿದೆವು ಎಂದುಕೊಂಡಿದ್ದೆವು. ಅದರ ಜೊತೆಗೆ ಒಂದು ಪ್ರಶ್ನೆಯನ್ನೇ ಹೊರಗೆ ಹಾಕಿದ್ದೆವು, ಜಗಳಕ್ಕೆ ಸಂಬಂಧವೇ ಇಲ್ಲದ ಹೆಂಗಸೊಬ್ಬರು ತಮ್ಮ ಕಣ್ಣೆದುರು ಉದುರುತ್ತಿದ್ದ ಫಸಲಿನ ಬಗ್ಗೆ ಬಾಯಿ ಬಿಡದ ಹಾಗೆ ಮಾಡಿದ್ದೆವು.

ಅವರ ತೋಟಕ್ಕೆ ಹೋಗಿ ನೋಡಿದಾಗ ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಿಂದಿನ ವರ್ಷದ ಸುಣ್ಣದ ಚೀಲ ಬಾಯಿ ತೆರೆದೇ ಕೊಟ್ಟಿಗೆಯಲ್ಲಿ ಉಳಿದಿತ್ತು, ಅದನ್ನೇ ಬಳಸಿದ್ದರು. ಗಾಳಿಗೆ ತೆರೆದಿಟ್ಟ ಸುಣ್ಣ ಸತ್ವ ಕಳೆದುಕೊಳ್ಳುತ್ತದೆ. ಅದರಲ್ಲಿ ಮಾಡಿದ ದ್ರಾವಣದಲ್ಲಿ ಹುಳಿ ಉಳಿಯುತ್ತದೆ, ಕಾಯಿಗೆ ಸರಿಯಾಗಿ ಅಂಟುವುದಿಲ್ಲ, ಕಾಯಿಯನ್ನು ಸುಡುವುದೂ ಉಂಟು. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಇದು ನಮ್ಮಲ್ಲಿ ಹಲವರಿಗೆ ಗೊತ್ತಿತ್ತು. ಆ ವರ್ಷ ಬೋರ್ಡೋ ಪರವಾಗಿ ನೂರಾರು ಸಂದೇಶ ಹಾಕಿದ ನಾವು ಒಬ್ಬರೂ ಅದನ್ನು ಬರೆದಿರಲಿಲ್ಲ. ಪದ್ಧತಿಯನ್ನು ಸಮರ್ಥಿಸುವ ಭರದಲ್ಲಿ ಅದು ಯಾವಾಗ ಕೆಡುತ್ತದೆ ಎಂದು ಹೇಳುವುದನ್ನು ಬಿಟ್ಟಿದ್ದೆವು, ಹೇಳಿದ್ದರೆ ಎದುರಿನವರಿಗೆ ಅಸ್ತ್ರ ಕೊಟ್ಟಂತಾಗುತ್ತಿತ್ತು.

ಮತ್ತೆ ಮಾತು

ಅದೇ ವಾರ ನಾನು ಮೇಲಿನ ತೋಟದವರ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸುತ್ತಾರೇನೋ ಎಂಬ ಅಳುಕಿತ್ತು. ಜಗಲಿಯಲ್ಲಿ ಕೂರಿಸಿ ಕಷಾಯ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಮಾತು ತೆಗೆದರು: "ಅಣ್ಣಾ, ನೀವು ಬೈಗುಳವನ್ನು ಅಳಿಸಿದ್ದಕ್ಕೆ ನನಗೆ ಬೇಸರವಿಲ್ಲ. ಅದನ್ನು ನಾನೇ ಅಳಿಸಬೇಕಿತ್ತು. ಅದರ ಕೆಳಗೆ ಬರೆದದ್ದನ್ನು ಓದಿದ್ರಾ?" ನಾನು ಓದಿರಲಿಲ್ಲ. ಅವರು ಫೋನಿನ ನೋಟ್ಸಿನಲ್ಲಿ ಅದನ್ನು ಮೊದಲು ಬರೆದುಕೊಂಡು ಆಮೇಲೆ ಬಳಗಕ್ಕೆ ಹಾಕಿದ್ದರು, ಆದ್ದರಿಂದ ಉಳಿದಿತ್ತು. ಬೋರ್ಡೋ ಹೊಡೆಯುವವರು ಹೊಡೆಯಲಿ, ಆದರೆ ಸುಣ್ಣ ಹೊಸದಿರಲಿ, ಚಾಕು ಅದ್ದಿ ನೋಡಿ, ಕಬ್ಬಿಣದ ಪಾತ್ರೆ ಬೇಡ, ಕಲಸಿದ ದಿನವೇ ಮುಗಿಸಿ, ಮಳೆ ಕಡಿಮೆಯಾದರೆ ಮೂರನೆಯ ಸಲದ್ದನ್ನು ಬಿಡಿ ಎಂದು ಹನ್ನೆರಡು ಸಾಲು ಅದರಲ್ಲಿದ್ದವು. ಗದ್ದೆಮನೆಯ ಅಕ್ಕನಿಗೆ ಬೇಕಾಗಿದ್ದ ಉತ್ತರ ಜೂನ್ ತಿಂಗಳ ಮೊದಲೇ ಬಳಗಕ್ಕೆ ಬಂದಿತ್ತು. ಅದನ್ನು ಅಳಿಸಿದವನು ನಾನು.

ಹಿಂತಿರುಗಲು ಅವರು ಕೇಳಿದ್ದು ಎರಡು: ಆ ಪೋಲನ್ನು ಹಿಂತೆಗೆದುಕೊಳ್ಳಬೇಕು, ಮತ್ತು ಸಂದೇಶವನ್ನು ಪೂರ್ತಿ ಓದದೆ ಅಳಿಸಿದ್ದು ತಪ್ಪೆಂದು ಬಳಗದಲ್ಲಿ ಹೇಳಬೇಕು. ತಾವು ಹೊಳೆಬದಿಯವರಲ್ಲಿ ಕ್ಷಮೆ ಕೇಳುವುದಾಗಿ ಅವರೇ ಹೇಳಿದರು. ನಮ್ಮಲ್ಲೊಬ್ಬ ನಿರ್ವಾಹಕರು ಇದಕ್ಕೆ ಒಪ್ಪಲಿಲ್ಲ. ನಿರ್ವಾಹಕರು ತಪ್ಪೊಪ್ಪಿಕೊಂಡರೆ ಮುಂದೆ ಯಾರೂ ಯಾವ ನಿಯಮಕ್ಕೂ ಬಗ್ಗುವುದಿಲ್ಲ ಎಂಬುದು ಅವರ ನಿಲುವು. ಅವರ ಆತಂಕ ಹುರುಳಿಲ್ಲದ್ದಲ್ಲ ಎಂದು ನನಗೆ ಆಮೇಲೆ ಅನ್ನಿಸಿದ್ದುಂಟು. ಕೊನೆಗೆ ನಾನು ನನ್ನೊಬ್ಬನ ಹೆಸರಿನಲ್ಲಿ ತಪ್ಪೊಪ್ಪಿಗೆ ಹಾಕಿದೆ. ಆ ನಿರ್ವಾಹಕರು ಅದರ ಕೆಳಗೆ ತಮಗೆ ಈ ಕ್ರಮ ಒಪ್ಪಿಗೆಯಿಲ್ಲ ಎಂದು ಬಹಿರಂಗವಾಗಿಯೇ ಬರೆದರು. ಅವರು ಇಂದಿಗೂ ನಿರ್ವಾಹಕರಾಗಿದ್ದಾರೆ. ನಿರ್ವಾಹಕರೇ ಒಬ್ಬರನ್ನೊಬ್ಬರು ಒಪ್ಪದೆ ಒಟ್ಟಿಗೆ ಕೆಲಸ ಮಾಡುವುದನ್ನು ಬಳಗ ಕಂಡಿತಲ್ಲ, ನಾವು ಮಾಡಿದ ಯಾವ ನಿಯಮಕ್ಕಿಂತಲೂ ಅದು ಹೆಚ್ಚು ಕೆಲಸ ಮಾಡಿತೆಂದು ನನ್ನ ನಂಬಿಕೆ.

ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಮೂವತ್ತು ಜನ ಹೊಳೆಬದಿಯವರ ತೋಟದಲ್ಲಿ ಸೇರಿದೆವು. ಅವರು ಹತ್ತು ವರ್ಷದ ಲೆಕ್ಕದ ಪುಸ್ತಕ ತಂದಿಟ್ಟಿದ್ದರು. ಎಕರೆಗೆ ಒಂದು ಸಲಕ್ಕೆ 200 ಲೀಟರಿನ ಎರಡೂವರೆ ಬ್ಯಾರೆಲ್, ಅಂದರೆ ಐದು ಕಿಲೋ ಮೈಲುತುತ್ತ. ಅದರಲ್ಲಿ ತಾಮ್ರ ಸುಮಾರು ಕಾಲು ಭಾಗ. ವರ್ಷಕ್ಕೆ ಎರಡು ಸಲವೆಂದರೆ ಎಕರೆಗೆ ಎರಡೂವರೆ ಕಿಲೋ ತಾಮ್ರ, ಹೆಕ್ಟೇರಿಗೆ ಆರು ಕಿಲೋಕ್ಕೂ ಹೆಚ್ಚು. ಐರೋಪ್ಯ ಒಕ್ಕೂಟದಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ, ಅಂದರೆ ವರ್ಷಕ್ಕೆ ಸರಾಸರಿ ನಾಲ್ಕು ಕಿಲೋ ಎಂಬ ಮಿತಿಯಿದೆ ಎಂದು ಪದವಿ ಓದಿದ ಸದಸ್ಯರೊಬ್ಬರು ತಿಳಿಸಿದರು. ಆ ಮಿತಿಯೊಳಗೆ ಸಾವಯವ ಬೇಸಾಯದವರೂ ತಾಮ್ರ ಬಳಸಬಹುದು ಎಂಬುದು ಆ ದಿನ ಎರಡೂ ಕಡೆಯವರಿಗೆ ಹೊಸ ಸುದ್ದಿಯಾಗಿತ್ತು. ಸಾವಯವ ಒಂದು ದಡ, ಮೈಲುತುತ್ತ ಇನ್ನೊಂದು ದಡ ಎಂದುಕೊಂಡು ಕಿತ್ತಾಡಿದ್ದ ನಾವು, ನಡುವೆ ಇಷ್ಟು ದೊಡ್ಡ ಜಾಗ ಇರುವುದನ್ನೇ ಕಂಡಿರಲಿಲ್ಲ.

ಹೊಳೆಬದಿಯವರು ಲೆಕ್ಕವನ್ನು ಎರಡು ಸಲ ಮಾಡಿಸಿ, ತುಂಬ ಹೊತ್ತು ಸುಮ್ಮನಿದ್ದು, "ಮೂರನೆಯ ಸಲದ್ದನ್ನು ಇನ್ನು ಮೇಲೆ ಮಳೆ ನೋಡಿ ಯೋಚಿಸ್ತೇನೆ" ಎಂದರು. ಅಷ್ಟರಲ್ಲಿ ಮೇಲಿನ ತೋಟದವರು ಯಾರೂ ಕೇಳದೆಯೇ ಒಂದು ಮಾತು ಹೇಳಿದರು. ಅವರ ತೋಟದ ಹೆಚ್ಚಿನ ಭಾಗ ಗಾಳಿ ಬಿಸಿಲು ಆಡುವ ಇಳಿಜಾರು. ಕೆಳಮೂಲೆಯಲ್ಲಿ ತೊರೆಗೆ ತಾಗಿದ ಒಂಬತ್ತು ಸಾಲುಗಳಿವೆ, ಅಲ್ಲಿ ಎರಡು ವರ್ಷದಿಂದ ಕಾಯಿ ಉಳಿದಿಲ್ಲ. ಮೇ ತಿಂಗಳಲ್ಲಿ ಇದನ್ನೇಕೆ ಹೇಳಲಿಲ್ಲ ಎಂದು ಯಾರೋ ಕೇಳಿದರು. "ಹೇಳುವ ಹಾಗೆ ಇತ್ತಾ?" ಎಂದಷ್ಟೇ ಅವರು ಉತ್ತರಿಸಿದರು.

ಕಲಿತದ್ದು

ಆ ಎರಡು ಅಭಿಪ್ರಾಯಗಳ ಹಿಂದೆ ಎರಡು ತೋಟಗಳಿದ್ದವು. ಕಣಿವೆಯ ತೇವದಲ್ಲಿ ಐವತ್ತು ಮಳೆಗಾಲ ಕಂಡವರಿಗೆ ಮೈಲುತುತ್ತ ಅನ್ನದ ಪ್ರಶ್ನೆ. ಇಳಿಜಾರಿನ ಒಣಗಾಳಿಯಲ್ಲಿ ತೋಟ ಮಾಡಿದವರಿಗೆ ಅದು ಬೇಡದ ಖರ್ಚು. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದರು, ಆದರೆ ಎಲ್ಲ ತೋಟಗಳಿಗೂ ಅನ್ವಯಿಸುವ ಸತ್ಯವೆಂಬಂತೆ ಹೇಳುತ್ತಿದ್ದರು. ಜಗಳ ಬಲಿತಂತೆ ತಮ್ಮ ವಾದಕ್ಕೆ ಒದಗದ ಸಂಗತಿಯನ್ನು ಇಬ್ಬರೂ ಮುಚ್ಚಿಟ್ಟುಕೊಂಡರು. ಅಸಹನೆಯಿಂದ ಮನಸ್ಸಿಗೆ ನೋವಾಗುತ್ತದೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಈ ಪ್ರಕರಣದಲ್ಲಿ ನೋವಿಗಿಂತ ದೊಡ್ಡ ನಷ್ಟವೆಂದರೆ ಎರಡೂ ಕಡೆಯಿಂದ ಬರಬೇಕಾಗಿದ್ದ ಮಾಹಿತಿ ಬತ್ತಿಹೋದದ್ದು.

ಈಗ ನಮ್ಮಲ್ಲಿ ಒಂದು ರೂಢಿ ಬೆಳೆದಿದೆ. ಯಾರೇ ಮದ್ದಿನ, ಗೊಬ್ಬರದ ಬಗ್ಗೆ ಖಚಿತವಾಗಿ ಏನಾದರೂ ಹೇಳಿದರೆ, ಯಾರಾದರೊಬ್ಬರು ತೋಟ ಎಲ್ಲಿದೆ, ಎಷ್ಟು ವರ್ಷದ ಅನುಭವ, ಎಷ್ಟು ಉದುರಿತು ಎಂದು ಕೇಳುತ್ತಾರೆ. ಇದನ್ನು ನಿಯಮವಾಗಿ ಬರೆದಿಟ್ಟಿಲ್ಲ. ಬರೆದಿಟ್ಟದ್ದು ಒಂದನ್ನು ಮಾತ್ರ: ಯಾರನ್ನಾದರೂ ತೆಗೆಯಬೇಕಾದರೆ ಒಬ್ಬ ನಿರ್ವಾಹಕ ಮೊದಲು ಅವರಿಗೆ ಫೋನ್ ಮಾಡಬೇಕು, ಒಂದು ರಾತ್ರಿ ಕಳೆಯಬೇಕು, ಇನ್ನೊಬ್ಬ ನಿರ್ವಾಹಕರು ಸಂದೇಶವನ್ನು ಪೂರ್ತಿ ಓದಿ ಒಪ್ಪಬೇಕು. ಮರುವರ್ಷ ಸದಸ್ಯರೊಬ್ಬರು ಇನ್ನೊಬ್ಬರ ಜಾತಿ ಎತ್ತಿ ಆಡಿದಾಗ ಈ ಕ್ರಮದಂತೆಯೇ ಅವರನ್ನು ತೆಗೆದೆವು, ಮತ್ತೆ ಸೇರಿಸಲಿಲ್ಲ. ಅಲ್ಲಿ ಕೇಳಿಸಿಕೊಳ್ಳಬೇಕಾದ ಅಭಿಪ್ರಾಯ ಯಾವುದೂ ಇರಲಿಲ್ಲ. ಸಹನೆಯ ಹೆಸರಿನಲ್ಲಿ ಅದನ್ನು ಉಳಿಸಿಕೊಂಡಿದ್ದರೆ ಇನ್ನಷ್ಟು ಜನ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಹೋದ ಹದಿನಾಲ್ಕು ಜನರಲ್ಲಿ ಆರು ಮಂದಿ ಹಿಂತಿರುಗಲಿಲ್ಲ. ಅವರಲ್ಲಿ ಒಬ್ಬರು ನಾಟಿ ತಳಿಗಳ ಬಗ್ಗೆ ನಮ್ಮೆಲ್ಲರಿಗಿಂತ ಹೆಚ್ಚು ತಿಳಿದವರು. ಫೋನ್ ಮಾಡಿದರೆ ಮಾತಾಡುತ್ತಾರೆ, ಬಳಗಕ್ಕೆ ಮಾತ್ರ ಬರುವುದಿಲ್ಲ. ಗದ್ದೆಮನೆಯ ಅಕ್ಕನ ಆ ವರ್ಷದ ಫಸಲಿನಲ್ಲಿ ಕಳೆದುಹೋದದ್ದು ಕಳೆದುಹೋಯಿತು. ಮರುವರ್ಷ ಮೇ ತಿಂಗಳಲ್ಲಿ ಅವರು ದ್ರಾವಣದಲ್ಲಿ ಅದ್ದಿದ ಚಾಕುವಿನ ಚಿತ್ರವನ್ನು ಬಳಗದಲ್ಲೇ ಹಾಕಿ ಇದು ಸರಿಯಿದೆಯೇ ಎಂದು ಕೇಳಿದರು.

ಈ ಬರಹ ಬರೆಯುವ ಹೊತ್ತಿಗೆ ಹೊಳೆಬದಿಯ ಮತ್ತು ಮೇಲಿನ ತೋಟಗಳೆರಡರ ಮಣ್ಣನ್ನೂ ತಾಮ್ರದ ಪರೀಕ್ಷೆಗೆ ಕಳಿಸುವ ತಯಾರಿ ನಡೆದಿದೆ. ತಾಮ್ರ ಮೇಲ್ಪದರದಲ್ಲಿ ನಿಲ್ಲುವುದರಿಂದ ಮೇಲಿನ ಅರ್ಧ ಅಡಿಯ ಮಣ್ಣು ಸಾಕೆಂದು ಮೇಲಿನ ತೋಟದವರು ಹೇಳುತ್ತಾರೆ. ಬೇರು ಉಣ್ಣುವುದು ಇನ್ನೂ ಕೆಳಗಿನಿಂದಲೂ, ಎರಡು ಅಡಿಯವರೆಗಿನ ಮಣ್ಣು ಬೇಕೆಂದು ಹೊಳೆಬದಿಯವರು ಹೇಳುತ್ತಾರೆ. ಎರಡು ಆಳದ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ತೆಗೆದಿಟ್ಟಿದ್ದೇವೆ.